ವೀರರ ಮಕ್ಕಳ ಕಥೆ ಕೆಟ್ಟಾಗ: ಉತ್ತರಕಥೆಯ ಹಸ್ತಪ್ರತಿಗೆ ಒಂದು ದೋಷ ನಿವಾರಣೆ ಕೈಪಿಡಿ

ಮೊದಲ ಕಾದಂಬರಿಯಲ್ಲಿ ಅಸುರರನ್ನು ಗೆದ್ದು ಹೆಸರು ನಿಲ್ಲಿಸಿದ ವೀರರ ಮಕ್ಕಳನ್ನು ಮುಂದಿಟ್ಟುಕೊಂಡು ಎರಡನೆಯ ಕಾದಂಬರಿ ಬರೆದು ಮುಗಿಸಿದವರಿಗೆ, ಅಥವಾ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡು ಕುಳಿತವರಿಗೆ ಈ ಕೈಪಿಡಿಯನ್ನು ಬರೆದಿದ್ದೇನೆ. ಕಲ್ಪಿತ ಲೋಕದ ಇಂಥ ಮಹಾಕಥನಗಳ ಕೆಲವು ಹಸ್ತಪ್ರತಿಗಳನ್ನು ಕಾಸರಗೋಡಿನ ಗೆಳೆಯರು ನನ್ನ ಕೈಗೆ ಕೊಟ್ಟಿದ್ದಾರೆ. ನನ್ನದೇ ಒಂದನ್ನು ನಾನು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದ್ದೇನೆ. ಓದುಗರ ದೂರು ಪ್ರತಿ ಸಲವೂ ಬೇರೆಯಾಗಿರುತ್ತದೆ: ಒಬ್ಬರಿಗೆ ಹೆಸರು ನೆನಪಿರುವುದಿಲ್ಲ, ಇನ್ನೊಬ್ಬರಿಗೆ ಯುದ್ಧ ಸಪ್ಪೆಯೆನಿಸುತ್ತದೆ, ಮತ್ತೊಬ್ಬರು ಏನನ್ನೂ ಹೇಳದೆ ಕಟ್ಟನ್ನು ಹಿಂದಿರುಗಿಸುತ್ತಾರೆ. ಆದರೆ ಒಳಹೊಕ್ಕು ನೋಡಿದಾಗ ಹೆಚ್ಚಿನ ಕಡೆಗಳಲ್ಲಿ ನಾನು ಕಂಡ ಮೂಲದೋಷ ಒಂದೇ. ಹಿರಿಯರ ಗೆಲುವು ಮಕ್ಕಳ ತಲೆಯ ಮೇಲೆ ಯಾವ ಸಾಲವನ್ನು ಹೊರಿಸಿತು ಎಂಬುದನ್ನು ಬರೆಯುವವರು ತೀರ್ಮಾನಿಸಿರುವುದಿಲ್ಲ.

ಈ ಬಗೆಯ ಕಥೆ ನಮ್ಮ ನೆಲಕ್ಕೆ ಹೊಸದಲ್ಲ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರಿಗೆ ಪುಂಡುವೇಷವೆಂಬ ಬೇರೆಯೇ ವರ್ಗವಿದೆ. ಅವರ ಹೆಜ್ಜೆಯ ವೇಗ, ಧಿಗಿಣವೆಂಬ ಸುತ್ತುನೆಗೆತ, ಮಾತಿನ ಚುರುಕು ಯಾವುದೂ ರಾಜವೇಷದ ಗಾಂಭೀರ್ಯದಂತೆ ಇರುವುದಿಲ್ಲ. ಮಹಾಭಾರತವನ್ನು ವೈಶಂಪಾಯನ ಹೇಳಿದ್ದೇ ಅರ್ಜುನನ ಮರಿಮಗನಾದ ಜನಮೇಜಯನಿಗೆ. ಆದುದರಿಂದ ಕೆಳಗಿನ ಪರೀಕ್ಷೆಗಳಿಗೆ ಉದಾಹರಣೆಗಳನ್ನು ನಮ್ಮ ಪುರಾಣ, ಕಾವ್ಯ, ಪಾಡ್ದನಗಳೆಂಬ ತುಳು ಕಥನಗೀತೆಗಳಿಂದಲೇ ತೆಗೆದುಕೊಂಡಿದ್ದೇನೆ. ಸುಲಭವಾದ, ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ. ಕಥೆಯನ್ನು ಬುಡದಿಂದ ಅಲುಗಾಡಿಸುವವು ಕೊನೆಗೆ ಬರುತ್ತವೆ. ಈ ಕ್ರಮವನ್ನು ಮೀರಬೇಡಿ. ಎರಡು ಹೆಸರು ಬದಲಿಸಿದರೆ ಸರಿಹೋಗುತ್ತಿದ್ದ ಕಡೆ ಇಡೀ ಅಧ್ಯಾಯಗಳನ್ನು ಕಿತ್ತುಹಾಕಿದವರನ್ನು ನಾನು ನೋಡಿದ್ದೇನೆ.

ಕೆಲಸಕ್ಕೆ ಇಳಿಯುವ ಮೊದಲು

ಈಗಿರುವ ಹಸ್ತಪ್ರತಿಯ ಒಂದು ನಕಲನ್ನು ದಿನಾಂಕ ಹಾಕಿ ಬೇರೆಯಾಗಿ ತೆಗೆದಿಡಿ, ಅದನ್ನು ಮತ್ತೆ ಮುಟ್ಟಬೇಡಿ. ಆಟಿ ತಿಂಗಳ (ಆಷಾಢದ) ಮಳೆಗೆ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗಿಬರುವ ನಮ್ಮ ಊರುಗಳಲ್ಲಿ ಒಂದೇ ಕಂಪ್ಯೂಟರನ್ನು ನಂಬುವುದು ಅಪಾಯ. ಪೆನ್‌ಡ್ರೈವಿನಲ್ಲಿ ಒಂದು, ಇಮೇಲಿನಲ್ಲಿ ಒಂದು ಪ್ರತಿ ಇರಲಿ. ಪರೀಕ್ಷೆಗೆ ಕಾಗದದ ಪ್ರತಿಯೇ ಆಗಬೇಕು, ಗುರುತು ಮಾಡಲು ಪೆನ್ಸಿಲೇ ಆಗಬೇಕು, ಏಕೆಂದರೆ ಮೊದಲ ದಿನ ದೋಷವೆಂದು ಗೆರೆ ಎಳೆದ ಅರ್ಧದಷ್ಟು ಜಾಗಗಳು ಎರಡನೆಯ ಓದಿಗೆ ದೋಷಗಳಾಗಿ ಉಳಿಯುವುದಿಲ್ಲ. ಒಂದು ಸಲಕ್ಕೆ ಒಂದೇ ದೋಷವನ್ನು ತಿದ್ದಿ. ಹೆಸರು, ಕಾಲಾನುಕ್ರಮ, ಆರಂಭ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವ ತಿದ್ದುಪಡಿಯಿಂದ ಗುಣವಾಯಿತು, ಯಾವುದರಿಂದ ಹೊಸ ಕೇಡು ಬಂತು ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಓದಿ ಹೇಳಲು ಇಬ್ಬರು ಬೇಕು: ಮೊದಲ ಕಾದಂಬರಿಯನ್ನು ಓದಿದವರೊಬ್ಬರು, ಓದದವರೊಬ್ಬರು. ಅವರಿಬ್ಬರೂ ಪರಸ್ಪರ ಮಾತನಾಡಿಕೊಳ್ಳದಿದ್ದರೆ ಒಳ್ಳೆಯದು.

ಲಕ್ಷಣ: ಮಕ್ಕಳ ಹೆಸರುಗಳು ಕಲೆತುಹೋಗುತ್ತವೆ

ಇದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಮೊದಲ ಮೂರು ಅಧ್ಯಾಯಗಳನ್ನು ಓದಲು ಕೊಟ್ಟು, ಮರುದಿನ ಪುಸ್ತಕ ನೋಡದೆ ಮಕ್ಕಳ ಹೆಸರನ್ನೂ ಅವರು ಮಾಡಿದ ಒಂದೊಂದು ಕೆಲಸವನ್ನೂ ಹೇಳಲು ಕೇಳಿ. ಕೆಲಸಗಳು ನೆನಪಿದ್ದು ಹೆಸರುಗಳು ಮಾತ್ರ ಅದಲುಬದಲಾದರೆ ದೋಷ ಕೇವಲ ಅಕ್ಷರಗಳದು. ಒಂದೇ ಅಕ್ಷರದಿಂದ ಆರಂಭವಾಗುವ ಹೆಸರುಗಳನ್ನು ಬದಲಿಸಿದರೆ ಸಾಕು. ಹೆಸರು ನೆನಪಿದ್ದು ಕೆಲಸ ನೆನಪಿಲ್ಲದಿದ್ದರೆ ಆ ಮಗುವಿಗೆ ನೀವು ಇನ್ನೂ ಕೆಲಸ ಕೊಟ್ಟಿಲ್ಲ ಎಂದು ಅರ್ಥ. ಎರಡೂ ನೆನಪಿಲ್ಲದಿದ್ದರೆ ಇಬ್ಬರು ಮಕ್ಕಳನ್ನು ಒಬ್ಬರನ್ನಾಗಿ ಮಾಡಬಹುದೇ ಎಂದು ಯೋಚಿಸಿ.

ದ್ರೌಪದಿಯ ಐವರು ಮಕ್ಕಳ ಹೆಸರನ್ನು ನಮ್ಮಲ್ಲಿ ತಟ್ಟನೆ ಹೇಳಬಲ್ಲವರು ಕಡಿಮೆ. ಪ್ರತಿವಿಂಧ್ಯ, ಸುತಸೋಮ, ಶ್ರುತಕರ್ಮ, ಶತಾನೀಕ, ಶ್ರುತಸೇನ ಎಂದು ಓದಿದ ಮೇಲೂ ಯಾರು ಯಾರ ಮಗನೆಂದು ಬೆರಳು ಮಡಚಿ ಎಣಿಸಬೇಕಾಗುತ್ತದೆ. ಅಶ್ವತ್ಥಾಮ ಅವರನ್ನು ಒಂದೇ ರಾತ್ರಿಯಲ್ಲಿ ಕೊಂದಾಗ ನಾವು ಅಳುವುದು ತಾಯಿಗಾಗಿ. ಅಭಿಮನ್ಯು ಸತ್ತಾಗಲಾದರೋ ಆ ಹುಡುಗನಿಗಾಗಿಯೇ ಅಳುತ್ತೇವೆ. ಸೌಪ್ತಿಕ ಪರ್ವಕ್ಕೆ ಬೇಕಾದದ್ದು ತಾಯಿಯ ದುಃಖವಾದ್ದರಿಂದ ಅಲ್ಲಿ ಇದು ದೋಷವಲ್ಲ. ಆದರೆ ಮಕ್ಕಳೇ ನಾಯಕರಾಗಿರುವ ನಿಮ್ಮ ಕಾದಂಬರಿಯಲ್ಲಿ ಹೀಗಾದರೆ ಅದು ದೋಷವೇ ಸರಿ.

ಲಕ್ಷಣ: ವಯಸ್ಸು, ವರ್ಷಗಳು ಮೊದಲ ಪುಸ್ತಕದೊಂದಿಗೆ ತಾಳೆಯಾಗುವುದಿಲ್ಲ

ಮೊದಲ ಪುಸ್ತಕವನ್ನು ಓದಿದವರು ಹಣೆ ಗಂಟಿಕ್ಕಿ ಹಿಂದಿನ ಪುಟಗಳನ್ನು ತಿರುವಿ ಹಾಕುವುದು ಈ ದೋಷದ ಗುರುತು. ಒಂದು ಹಾಳೆಯಲ್ಲಿ ಎಡಕ್ಕೆ ಪಾತ್ರಗಳ ಹೆಸರು, ಮೇಲೆ ಕಥೆಯ ಮುಖ್ಯ ಘಟನೆಗಳು, ನಡುವಿನ ಮನೆಗಳಲ್ಲಿ ಆಯಾ ಘಟನೆಯ ಹೊತ್ತಿಗೆ ಅವರವರ ವಯಸ್ಸು, ಹೀಗೆ ಒಂದು ಪಟ್ಟಿ ಬರೆಯಿರಿ. ನನ್ನ ಮೊದಲ ಕಾದಂಬರಿಯಲ್ಲಿ 80 ದಾಟಿದ್ದ ಅಜ್ಜಿಯೊಬ್ಬಳು ಎರಡನೆಯದರಲ್ಲಿ, ಮಧ್ಯೆ 21 ವರ್ಷ ಕಳೆದ ಮೇಲೆಯೂ, ಅದೇ ಜಗಲಿಯಲ್ಲಿ ಕುಳಿತು ವೀಳ್ಯದ ಹರಿವಾಣ ಮುಂದಿಟ್ಟುಕೊಂಡು ನಾಯಕಿಗೆ ಬುದ್ಧಿ ಹೇಳುತ್ತಿದ್ದಳು. ಪಟ್ಟಿ ಬರೆಯುವವರೆಗೆ ನನಗೆ ಅದು ಕಂಡಿರಲಿಲ್ಲ.

ಆದರೆ ಈ ಪಟ್ಟಿಯ ನಿಜವಾದ ಉಪಯೋಗ ತಪ್ಪು ಹಿಡಿಯುವುದಕ್ಕಿಂತ ದೊಡ್ಡದು. ಅಭಿಮನ್ಯು ಮಡಿದಾಗ ಅವನಿಗೆ 16 ವರ್ಷ. ಪಾಂಡವರ ವನವಾಸ 12 ವರ್ಷ, ಅಜ್ಞಾತವಾಸ 1 ವರ್ಷ. ಕಳೆದು ನೋಡಿದರೆ ತಂದೆ ಕಾಡಿಗೆ ಹೊರಟಾಗ ಮಗ ಮೂರರ ಆಸುಪಾಸಿನ ಕೂಸು. ಅವನ ಬಾಲ್ಯವೆಲ್ಲ ದ್ವಾರಕೆಯಲ್ಲಿ, ಸೋದರಮಾವನ ಮನೆಯಲ್ಲಿ, ತಂದೆಯ ಕೀರ್ತಿಯನ್ನು ಕಿವಿಯಿಂದ ಕೇಳುತ್ತ, ತಂದೆಯನ್ನು ಕಣ್ಣಿನಿಂದ ಕಾಣದೆ ಕಳೆಯಿತು. ಚಕ್ರವ್ಯೂಹದೊಳಗೆ ಹೋಗಲು ಬಲ್ಲೆ, ಹೊರಬರಲು ಅರಿಯೆ ಎಂಬ ಅವನ ಮಾತು ಈ ಲೆಕ್ಕದ ಮೇಲೆ ಕುಳಿತಾಗ ಬೇರೆಯೇ ಅರ್ಥ ಕೊಡುತ್ತದೆ: ಅರ್ಧದಲ್ಲಿ ನಿಂತ ವಿದ್ಯೆ, ಅರ್ಧದಲ್ಲಿ ದೊರೆತ ತಂದೆ. ನಿಮ್ಮ ಪಟ್ಟಿಯಲ್ಲಿ ಇಂಥ ಖಾಲಿ ಮನೆಗಳು ಎಲ್ಲಿವೆ ಎಂದು ಹುಡುಕಿ. ಹಿರಿಯರು ಮನೆಯಲ್ಲಿ ಇಲ್ಲದಿದ್ದ ವರ್ಷಗಳು ಮಕ್ಕಳ ಸ್ವಭಾವವನ್ನು ಕಟ್ಟಿದ ವರ್ಷಗಳು.

ಲಕ್ಷಣ: ಓದುಗರು ಇಪ್ಪತ್ತು ಪುಟದೊಳಗೆ ಪುಸ್ತಕವನ್ನು ಕೆಳಗಿಡುತ್ತಾರೆ

ಮೊದಲ ಪುಟದಿಂದ ಎಣಿಸುತ್ತ ಹೋಗಿ, ನಾಯಕನಾದ ಮಗ ಅಥವಾ ಮಗಳು ತಾನಾಗಿ ಒಂದು ನಿರ್ಧಾರ ತೆಗೆದುಕೊಳ್ಳುವ ಪುಟದಲ್ಲಿ ಪೆನ್ಸಿಲಿನ ಗುರುತು ಹಾಕಿ. ಅದಕ್ಕೂ ಮೊದಲು ಹಿಂದಿನ ಕಾದಂಬರಿಯ ಸಂಗತಿಗಳನ್ನು ಹೇಳುವ ಸಾಲುಗಳ ಪಕ್ಕದಲ್ಲೆಲ್ಲ ಉದ್ದ ಗೆರೆ ಎಳೆಯಿರಿ. ಗೆರೆ ಎಳೆದ ಭಾಗ ಮೂರು ಪುಟ ಮೀರಿದರೆ ದೋಷ ಸಿಕ್ಕಿತು. ವೇಷ, ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯನ್ನು ಕೇಳಿದವರಿಗೆ ಈ ಕಾಯಿಲೆಯ ಪರಿಚಯವಿದೆ. ಪೀಠಿಕೆಯನ್ನೇ ಒಂದು ಗಂಟೆ ಎಳೆದರೆ ಎದುರು ಪಾತ್ರದ ಮಾತಾಡುವ ಅರ್ಥಧಾರಿಗೆ ಅವಕಾಶ ಸಿಗುವಷ್ಟರಲ್ಲಿ ಸಭೆ ದಣಿದಿರುತ್ತದೆ.

ಇದಕ್ಕೆ ಮೊದಲ ಉಪಾಯ ಸರಳವಾದದ್ದು. ಗೆರೆ ಎಳೆದ ಭಾಗವನ್ನು ತೆಗೆದಿಟ್ಟು, ಮೊದಲ ಪುಸ್ತಕವನ್ನು ಓದದ ಗೆಳೆಯರಿಗೆ ಉಳಿದುದನ್ನು ಕೊಡಿ, ಅವರಿಗೆ ಅರ್ಥವಾಗದ ಜಾಗಗಳನ್ನು ಮಾತ್ರ ಕೇಳಿ ತಿಳಿದುಕೊಳ್ಳಿ. ಕಥೆ ಹೇಳಿದ್ದರಲ್ಲಿ ಕಾಲುಭಾಗವೂ ಬೇಕಿರಲಿಲ್ಲ ಎಂಬುದು ಸಾಮಾನ್ಯವಾಗಿ ಹೊರಬೀಳುತ್ತದೆ.

ಎರಡನೆಯ ಉಪಾಯ ಕಷ್ಟದ್ದು, ಆದರೆ ಅದು ಕೈಗೂಡಿದರೆ ಅದರಷ್ಟು ಚೆಲುವಾದದ್ದು ಬೇರೆಯಿಲ್ಲ. ಹಿಂದಿನ ಕಥೆಯನ್ನು ಹೇಳುವುದೇ ಈಗಿನ ಕಥೆಯ ಘಟನೆಯಾಗಬೇಕು. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಕುಶಲವರು ಯಜ್ಞಶಾಲೆಯ ಬಳಿ ರಾಮಾಯಣವನ್ನು ಹಾಡುತ್ತಾರೆ, ಕೇಳುತ್ತಿರುವವನು ರಾಮ. ನಡೆದುಹೋದ ಕಥೆಯೆಲ್ಲ ಅಲ್ಲಿ ಮತ್ತೊಮ್ಮೆ ಬರುತ್ತದೆ, ಆದರೆ ಅದನ್ನು ಯಾರೂ ಪುನರುಕ್ತಿ ಎನ್ನಲಾರರು, ಏಕೆಂದರೆ ಹಾಡುವ ಬಾಯಿ ಮಕ್ಕಳದು, ಕೇಳುವ ಕಿವಿ ತಂದೆಯದು, ಮತ್ತು ಹಾಡು ಮುಂದುವರಿದಂತೆ ತಂದೆಗೆ ಮಕ್ಕಳ ಗುರುತು ಸಿಗುತ್ತ ಹೋಗುತ್ತದೆ. ನಿಮ್ಮ ಕಾದಂಬರಿಯಲ್ಲಿಯೂ ಹಿಂದಿನ ಕಥೆಯನ್ನು, ಅದನ್ನು ಕೇಳಿದರೆ ಏನನ್ನಾದರೂ ಕಳೆದುಕೊಳ್ಳುವವರ ಮುಂದೆಯೇ ಹೇಳಿಸಿ.

ಲಕ್ಷಣ: ಎಲ್ಲರ ಮಾತೂ ಒಂದೇ ಆಗಿ ಕೇಳುತ್ತದೆ

ಸಂಭಾಷಣೆಯ ಒಂದು ಪುಟದಲ್ಲಿ ಹೇಳುವವರ ಹೆಸರುಗಳನ್ನು ಮುಚ್ಚಿ ಗಟ್ಟಿಯಾಗಿ ಓದಿಸಿ. ಯಾರ ಮಾತೆಂದು ಕೇಳುವವರಿಗೆ ತಿಳಿಯದಿದ್ದರೆ, ಹೆಚ್ಚಾಗಿ ನೀವು ಎಲ್ಲರ ಬಾಯಿಗೂ ಹಳೆಯ ಕಾವ್ಯದ ಭಾಷೆಯನ್ನು ತುಂಬಿದ್ದೀರಿ. ಹಿರಿಯ ತಲೆಮಾರಿಗೆ ಉದ್ದದ, ತೂಕದ ವಾಕ್ಯಗಳಿರಲಿ. ಮಕ್ಕಳು ಗಿಡ್ಡ ಮಾತಿನವರಾಗಲಿ. ಪುಂಡುವೇಷದ ಮಾತು ಹರಿಯುವ ಲಯವನ್ನು ಒಮ್ಮೆ ಕಿವಿಗೊಟ್ಟು ಕೇಳಿದರೆ ಇದು ಬೇಗನೆ ಕೈಗೆ ಹತ್ತುತ್ತದೆ.

ನಮ್ಮ ಕಡೆಯವರಿಗೆ ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಮನೆಯೊಳಗೆ ಒಂದು ಮಾತು, ಗದ್ದೆಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳ, ಶಾಲೆಯಲ್ಲಿ ಪುಸ್ತಕದ ಕನ್ನಡ, ಹೀಗೆ ಬೆಳೆದವರು ನಾವು. ಕಲ್ಪಿತ ಲೋಕಕ್ಕೆ ಈ ಶ್ರೀಮಂತಿಕೆಯನ್ನು ತರುವಾಗ ವೀರರಿಗೆಲ್ಲ ಗ್ರಾಂಥಿಕ ಕನ್ನಡವನ್ನೂ, ಹಾಸ್ಯದವರಿಗೂ ಕೇಡಿಗರಿಗೂ ನೆರೆಯ ಭಾಷೆಯ ಶಬ್ದಗಳನ್ನೂ ಹಂಚಿಬಿಟ್ಟರೆ ಅದು ಕಥೆಯ ದೋಷವಾಗಿ ಉಳಿಯದೆ ನೆರೆಮನೆಯವರನ್ನು ನೋಯಿಸುವ ತಪ್ಪಾಗುತ್ತದೆ. ನಾನು ಓದಿದ ಎರಡು ಹಸ್ತಪ್ರತಿಗಳಲ್ಲಿ ಇದು ಇತ್ತು. ಬರೆದವರಿಗೆ ಅದರ ಅರಿವೇ ಇರಲಿಲ್ಲ.

ಲಕ್ಷಣ: ತಂದೆ ಬಂದ ಕೂಡಲೇ ಮಕ್ಕಳು ಕಾಣೆಯಾಗುತ್ತಾರೆ

ಮೇಲಿನವೆಲ್ಲ ಹೊರಗಿನ ದೋಷಗಳು. ಇಲ್ಲಿಂದ ಮುಂದಿನವು ಒಳಗಿನವು, ಇವುಗಳಿಗೆ ಸಮಯ ಬೇಕು.

ಎರಡು ವರ್ಷದ ಹಿಂದೆ, ಮಳೆ ಹಿಡಿದ ಒಂದು ಸಂಜೆ, ನನ್ನ ಹಸ್ತಪ್ರತಿಯ ಯುದ್ಧದ ಅಧ್ಯಾಯವನ್ನು ಜಗಲಿಯಲ್ಲಿ ಕುಳಿತು ಓದುತ್ತಿದ್ದೆ. ಕಥೆ ಹೀಗಿತ್ತು: ಮೊದಲ ಕಾದಂಬರಿಯ ವೀರ ಮಾರಧೀರ, ಊರನ್ನು ಕಾಡುತ್ತಿದ್ದ ಅಸುರನನ್ನು ಗುಡ್ಡದ ಸುರಂಗದೊಳಕ್ಕೆ ಸೆಳೆದು, ಮುರಕಲ್ಲಿನಿಂದ (ಕೆಂಪುಕಲ್ಲಿನಿಂದ) ಬಾಯಿ ಮುಚ್ಚಿ ಬಂಧಿಸಿದ್ದ, ಎರಡನೆಯ ಕಾದಂಬರಿಯಲ್ಲಿ ಆ ಕಲ್ಲುಗಳು ಸಡಿಲವಾದಾಗ ಅವನ ಮಗಳು ಹೊನ್ನೆ ಒಬ್ಬಳೇ ಗುಡ್ಡ ಹತ್ತುತ್ತಾಳೆ. ನಾನು ಬಹಳ ಉತ್ಸಾಹದಿಂದ ಓದುತ್ತಿದ್ದೆ. ಎದುರಿನಲ್ಲಿ ಅಡಿಕೆ ಸುಲಿಯುತ್ತಿದ್ದ ದೊಡ್ಡಮ್ಮನ ಕೈ ನಿಂತಿತು. ಸುಲಿದ ಅಡಿಕೆಯನ್ನು ಕುಕ್ಕೆಗೆ ಹಾಕದೆ ಹಿಡಿದುಕೊಂಡೇ, "ಅಂಬಗ ಅದರ ಅಪ್ಪ ಎಲ್ಲಿತ್ತಿದ್ದ?" (ಹಾಗಾದರೆ ಅವಳ ಅಪ್ಪ ಎಲ್ಲಿದ್ದ?) ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಸುರನನ್ನು ಒಮ್ಮೆ ಗೆದ್ದವನು ಬದುಕಿ, ಗಟ್ಟಿಮುಟ್ಟಾಗಿ ಮನೆಯಲ್ಲಿದ್ದಾಗ ಹತ್ತೊಂಬತ್ತರ ಮಗಳೇಕೆ ಗುಡ್ಡ ಹತ್ತಬೇಕು?

ಪರೀಕ್ಷೆ ಇದೇ ಪ್ರಶ್ನೆ. ಪ್ರತಿಯೊಂದು ದೊಡ್ಡ ಘಟನೆಯ ಅಂಚಿನಲ್ಲಿ "ಹಿರಿಯರು ಈಗ ಎಲ್ಲಿದ್ದಾರೆ?" ಎಂದು ಬರೆದು, ಉತ್ತರವನ್ನು ಒಂದೇ ವಾಕ್ಯದಲ್ಲಿ ತುಂಬಿಸಿ. "ಬೇರೆ ಕೆಲಸದಲ್ಲಿದ್ದರು" ಎಂಬಂಥ ಉತ್ತರ ಬಂದರೆ ಅದು ಉತ್ತರವಲ್ಲ. ನಮ್ಮ ಪುರಾಣಗಳು ಈ ಪ್ರಶ್ನೆಗೆ ಮೂರು ಬಗೆಯ ಉತ್ತರ ಕೊಟ್ಟಿವೆ, ಮೂರೂ ಬೇರೆ ಬೇರೆ ಕಥೆಗಳನ್ನು ಹುಟ್ಟಿಸುತ್ತವೆ.

ಮೊದಲನೆಯದು, ತಂದೆಯನ್ನು ಶತ್ರುವೇ ದೂರ ಮಾಡುವುದು. ಕುರುಕ್ಷೇತ್ರ ಯುದ್ಧದ 13ನೆಯ ದಿನ, ಗೆಲ್ಲುವೆವು ಇಲ್ಲವೇ ಸಾಯುವೆವು ಎಂದು ಶಪಥ ಮಾಡಿದ್ದ ಸಂಶಪ್ತಕರು ಅರ್ಜುನನನ್ನು ಬೇರೆಡೆಗೆ ಸೆಳೆದದ್ದರಿಂದಲೇ ಅಭಿಮನ್ಯು ಚಕ್ರವ್ಯೂಹದ ಬಾಗಿಲಲ್ಲಿ ನಿಲ್ಲಬೇಕಾಯಿತು. ಅರ್ಜುನ ಇಲ್ಲದಿರುವುದೇ ಕೌರವರ ಯೋಜನೆ. ಕಥೆಗೆ ಅದು ಕೇವಲ ಅನುಕೂಲವಾಗಿ ಬಂದದ್ದಲ್ಲ.

ಎರಡನೆಯದು, ತಂದೆಯೇ ಎದುರಾಳಿಯಾಗುವುದು. ಬಭ್ರುವಾಹನ ಯಜ್ಞದ ಕುದುರೆಯನ್ನು ಬಿಟ್ಟುಕೊಟ್ಟು ಕಾಣಿಕೆಗಳೊಂದಿಗೆ ತಂದೆಯ ಕಾಲಿಗೆರಗಲು ಬರುತ್ತಾನೆ. ಅರ್ಜುನ ಅವನನ್ನು ಹೇಡಿಯೆಂದು ಜರೆಯುತ್ತಾನೆ. ಆ ಒಂದು ಜರೆತದಿಂದ ಯುದ್ಧ ಹುಟ್ಟಿ, ತಂದೆ ಮಗನ ಬಾಣಕ್ಕೆ ಬಿದ್ದು, ಕೊನೆಗೆ ನಾಗಲೋಕದ ಮಣಿಯಿಂದ ಬದುಕಬೇಕಾಗುತ್ತದೆ. ಇಲ್ಲಿ ತಂದೆ ಎಷ್ಟು ದೊಡ್ಡವನಾದರೆ ಮಗನಿಗೆ ಅಷ್ಟು ಒಳ್ಳೆಯದು.

ಮೂರನೆಯದು, ತಂದೆಗೂ ಮಕ್ಕಳಿಗೂ ಗುರುತೇ ಇಲ್ಲದಿರುವುದು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಲವ ತನ್ನ ಉತ್ತರೀಯದಿಂದ ಯಜ್ಞಾಶ್ವವನ್ನು ಬಾಳೆಯ ಗಿಡಕ್ಕೆ ಕಟ್ಟುತ್ತಾನೆ. ಲೋಕವೆಲ್ಲ ಅಂಜುವ ಕುದುರೆ, ಕಟ್ಟಿದ್ದು ಹೊದೆದ ಬಟ್ಟೆಯಿಂದ, ಕಂಬವೆಂದರೆ ಬಾಳೆ: ಆಶ್ರಮದಲ್ಲಿ ಬೆಳೆದ ಹುಡುಗನ ಕೈಗೆ ಸಿಗುವುದು ಅಷ್ಟೇ, ಆದರೂ ಅವನಿಗೆ ಅಳುಕಿಲ್ಲ. ವಾಲ್ಮೀಕಿಯಲ್ಲಿ ಹಾಡಿದ ಮಕ್ಕಳು ಲಕ್ಷ್ಮೀಶನಲ್ಲಿ ಕಾದಾಡುತ್ತಾರೆ ಎಂಬುದನ್ನೂ ಗಮನಿಸಿ. ಒಂದೇ ಸಂಬಂಧದಿಂದ ಎರಡು ಬಗೆಯ ಕಥೆಗಳನ್ನು ತೆಗೆಯಬಹುದು.

ಇವುಗಳಲ್ಲಿ ಯಾವುದೂ ನಿಮ್ಮ ಕಥೆಗೆ ಹೊಂದದಿದ್ದರೆ, ತಂದೆಯನ್ನು ಮೊದಲ ಅಧ್ಯಾಯದಲ್ಲಿ ಕೊಂದುಬಿಡುವ ಆಸೆ ಬರುತ್ತದೆ. ಅದನ್ನು ಕೂಡಲೇ ಮಾಡಬೇಡಿ. ಮೊದಲ ಪುಸ್ತಕದ ಓದುಗರು 400 ಪುಟ ಪ್ರೀತಿಸಿದವನನ್ನು ಅನುಕೂಲಕ್ಕಾಗಿ ಕೊಂದರೆ ಅವರು ನಿಮ್ಮನ್ನು ನಂಬುವುದಿಲ್ಲ, ಮತ್ತು ಸತ್ತ ತಂದೆ ಬದುಕಿರುವ ತಂದೆಗಿಂತ ಹೆಚ್ಚು ಜಾಗ ಹಿಡಿಯುತ್ತಾನೆ.

ತಾಯಂದಿರ ವಿಷಯವನ್ನೂ ಇಲ್ಲಿಯೇ ನೋಡಿಬಿಡಿ. ಚಿತ್ರಾಂಗದೆ, ಉಲೂಪಿಯರಿಲ್ಲದೆ ಬಭ್ರುವಾಹನನ ಕಥೆಯಿಲ್ಲ, ಸೀತೆಯಿಲ್ಲದೆ ಕುಶಲವರ ಕಥೆಯಿಲ್ಲ. ಆದರೂ ನಾನು ಓದಿದ ಹೆಚ್ಚಿನ ಹಸ್ತಪ್ರತಿಗಳಲ್ಲಿ ವೀರರ ಹೆಂಡಂದಿರು ಎರಡನೆಯ ಅಧ್ಯಾಯದ ಹೊತ್ತಿಗೆ ಮೌನವಾಗಿರುತ್ತಾರೆ.

ಲಕ್ಷಣ: ಶತ್ರು ದೊಡ್ಡವನಾದಷ್ಟೂ ಭಯ ಕಡಿಮೆಯಾಗುತ್ತದೆ

ಮೊದಲ ಪುಸ್ತಕದ ಅಸುರನಿಗೆ ಹತ್ತು ತಲೆಯಿದ್ದರೆ ಎರಡನೆಯದಕ್ಕೆ ನೂರು ತಲೆಯವನನ್ನು ತರುವುದು ಸಾಮಾನ್ಯ ತಪ್ಪು. ಶತ್ರುವಿನ ಬಲವನ್ನು ವರ್ಣಿಸುವ ಸಾಲುಗಳನ್ನೆಲ್ಲ ಅಳಿಸಿ, ಅವನಿಗೆ ಈ ಮಗುವಿನ ಮೇಲೆಯೇ ದ್ವೇಷವಿರಲು ಕಾರಣವಾದ ಸಾಲು ಒಂದಾದರೂ ಉಳಿಯುತ್ತದೆಯೇ ಎಂದು ನೋಡಿ. ಉಳಿಯದಿದ್ದರೆ ಅವನು ಯಾರ ಕಥೆಗೂ ಹೊಂದುವ ಬಾಡಿಗೆಯ ಶತ್ರು.

ಸೋತವರಿಗೂ ಮಕ್ಕಳಿದ್ದರು ಎಂಬುದನ್ನು ನೆನೆಯುವುದೇ ಇದಕ್ಕೆ ಮದ್ದು. ಜೈಮಿನಿ ಭಾರತದಲ್ಲಿ ಕರ್ಣನ ಮಗ ವೃಷಕೇತು, ತನ್ನ ತಂದೆಯನ್ನು ಕೊಂದ ಅರ್ಜುನನ ಪಕ್ಕದಲ್ಲಿಯೇ ನಿಂತು ಯಜ್ಞಾಶ್ವವನ್ನು ಕಾಯುತ್ತಾನೆ. ವಾಲಿಯ ಮಗ ಅಂಗದ, ವಾಲಿಯನ್ನು ಕೊಂದ ರಾಮನ ದೂತನಾಗಿ ರಾವಣನ ಸಭೆಗೆ ಹೋಗುತ್ತಾನೆ. ರಾವಣ ಆ ಗಾಯವನ್ನು ಕೆದಕದೆ ಬಿಡುವನೇ? ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಿಂತ ರಾಮಾಯಣ ಪ್ರಸಂಗಗಳನ್ನು ಕೇಳುತ್ತ ಬೆಳೆದ ನಮ್ಮವರಿಗೆ, ಅಂಗದನ ಮಾತಿನಲ್ಲಿ ಒಬ್ಬ ಒಳ್ಳೆಯ ಅರ್ಥಧಾರಿ ಎಷ್ಟು ನೋವನ್ನು ತುಂಬಬಲ್ಲ ಎಂಬುದನ್ನು ಹೇಳಿಕೊಡಬೇಕಾಗಿಲ್ಲ. ನೂರು ತಲೆಯ ಅಸುರನಿಗಿಂತ, ನಾಯಕಿಯ ಪಂಕ್ತಿಯಲ್ಲಿಯೇ ಉಣ್ಣುವ ಅಸುರನ ಮಗ ಕಥೆಗೆ ಹೆಚ್ಚು ಬಲ ಕೊಡುತ್ತಾನೆ.

ಲಕ್ಷಣ: ಎಲ್ಲವೂ ಸರಿಯಿದೆ, ಆದರೂ ಈ ಪುಸ್ತಕ ಏಕೆ ಬೇಕಿತ್ತು ಎಂದು ಕೇಳುತ್ತಾರೆ

ಎಲ್ಲಕ್ಕಿಂತ ಕಠಿಣವಾದ ದೋಷ ಇದು. ಮೇಲಿನ ಯಾವ ಪರೀಕ್ಷೆಯಲ್ಲಿಯೂ ಸಿಕ್ಕಿಬೀಳದೆ ಹೋದ ಹಸ್ತಪ್ರತಿಗಳು ಇಲ್ಲಿ ನಿಲ್ಲುತ್ತವೆ. ಮಗ ತಂದೆಯಂತೆಯೇ ಕತ್ತಿ ಹಿಡಿಯುತ್ತಾನೆ, ತಂದೆಯಂತೆಯೇ ಗೆಲ್ಲುತ್ತಾನೆ. ಓದುಗರು ಮೊದಲ ಪುಸ್ತಕವನ್ನು ಎರಡನೆಯ ಸಲ ಓದಿದಂತಾಗುತ್ತದೆ.

ಪರೀಕ್ಷೆಗೆ ಒಂದು ವಾಕ್ಯ ಬರೆಯಬೇಕು: "ಹಿರಿಯರು ಇದನ್ನು ಗೆದ್ದರು, ಅದರಿಂದ ಇದು ಕೆಟ್ಟಿತು ಅಥವಾ ಬಾಕಿ ಉಳಿಯಿತು, ಅದನ್ನು ಈ ಮಗುವೇ ತೀರಿಸಬೇಕು." ಮೂರು ಭಾಗಗಳಲ್ಲಿ ನಡುವಿನದನ್ನು ತುಂಬಲಾಗದಿದ್ದರೆ ನಿಮ್ಮ ಕಥೆಗೆ ಸಾಲವಿಲ್ಲ. ಮೂರನೆಯದರಲ್ಲಿ ಬೇರೆ ಯಾರ ಹೆಸರನ್ನು ಹಾಕಿದರೂ ನಡೆಯುತ್ತದೆಯಾದರೆ ನಿಮ್ಮ ನಾಯಕ ತಪ್ಪು.

ತುಳುನಾಡಿನ ಕೋಟಿ ಚೆನ್ನಯರ ಪಾಡ್ದನವನ್ನು ಈ ವಾಕ್ಯದಲ್ಲಿ ಇಟ್ಟು ನೋಡಿ. ಅವರ ತಾಯಿ ದೇಯಿ ಬೈದೆತಿ ಅರಸ ಬಲ್ಲಾಳನ ಗಾಯವನ್ನು ಗುಣಪಡಿಸಿದಳು. ಅವಳಿಗೆ ಕೊಟ್ಟ ಮಾತು ಬಾಕಿ ಉಳಿಯಿತು. ಅವಳಿ ಮಕ್ಕಳು ಬೆಳೆದು ಅದನ್ನು ಕೇಳಲು ನಿಂತರು. ತಾಯಿ ವೀರಳಾದದ್ದು ಮದ್ದಿನಿಂದ, ಮಕ್ಕಳು ವೀರರಾದದ್ದು ನ್ಯಾಯ ಕೇಳಿದ್ದರಿಂದ. ಒಂದು ಇನ್ನೊಂದರ ನಕಲಾಗಲು ಅಲ್ಲಿ ಎಡೆಯೇ ಇಲ್ಲ. ಮಲಯಾಳದ ವೀರಗೀತೆಗಳಾದ ವಡಕ್ಕನ್ ಪಾಟ್ಟುಗಳಲ್ಲಿ ಉಣ್ಣಿಯಾರ್ಚೆಯ ಮಗ ಆರೋಮಲುಣ್ಣಿ, ಸೋದರಮಾವ ಆರೋಮಲ್ ಚೇಕವರನನ್ನು ವಂಚಿಸಿದ ಚಂದುವಿನ ಮೇಲೆ ಸೇಡು ತೀರಿಸುತ್ತಾನೆ. ಅದೂ ಸಾಲವೇ, ಆದರೆ ಸೇಡಿನ ಸಾಲ ತೀರಿದ ಕ್ಷಣ ಕಥೆಯೂ ತೀರುತ್ತದೆ. ಒಂದು ಹಾಡಿಗೆ ಅದು ಸಾಕು, 400 ಪುಟದ ಕಾದಂಬರಿಗೆ ಸಾಲದು ಎಂಬುದು ನನ್ನ ಅಭಿಪ್ರಾಯ.

ನನ್ನ ಹೊನ್ನೆಯ ಕಥೆ ಸರಿಹೋದದ್ದು ಇಲ್ಲಿಯೇ. ದೊಡ್ಡಮ್ಮನ ಪ್ರಶ್ನೆಯ ನಂತರ ಒಂದು ತಿಂಗಳು ನಾನು ಏನನ್ನೂ ಬರೆಯಲಿಲ್ಲ. ಆಮೇಲೆ ಒಂದು ದಿನ ಮನೆಯ ಹಿಂದಿನ ಸುರಂಗದ ಬಾಯಿಯಲ್ಲಿ ನಿಂತಾಗ, ಒಳಗಿನಿಂದ ತೆಳ್ಳಗೆ ಹರಿದು ಬಂದು ಕಟ್ಟೆಯಲ್ಲಿ ತುಂಬುತ್ತಿದ್ದ ನೀರನ್ನು ನೋಡಿ ವಿಷಯ ಹೊಳೆಯಿತು. ಗುಡ್ಡದ ಹೊಟ್ಟೆಗೆ ಅಡ್ಡಡ್ಡವಾಗಿ ಕೊರೆದ ಸುರಂಗವೆಂದರೆ ನಮ್ಮಲ್ಲಿ ಬಾವಿಯೇ. ಮಾರಧೀರ ಅಸುರನನ್ನು ಒಳಗೆ ಹಾಕಿ ಬಾಯಿ ಮುಚ್ಚಿದ ದಿನ, ಊರಿನ ನೀರನ್ನೂ ಮುಚ್ಚಿದ್ದ. ಇಪ್ಪತ್ತು ವರ್ಷ ಆ ಊರು ತನ್ನ ವೀರನನ್ನು ಕೊಂಡಾಡುತ್ತ, ದೂರದ ಹೊಳೆಯಿಂದ ನೀರು ಹೊತ್ತಿತ್ತು. ಯಾರೂ ಅವನ ಮುಂದೆ ಅದನ್ನು ಆಡಿರಲಿಲ್ಲ. ಕಲ್ಲು ಸಡಿಲವಾಗಬೇಕಾದ್ದೇ ಇಲ್ಲ. ಕೊಡ ಹೊತ್ತು ಬೆಳೆದ ಮಗಳೇ ಅದನ್ನು ತೆಗೆಯಲು ಹೋಗುತ್ತಾಳೆ, ತಂದೆ ಅಡ್ಡ ನಿಲ್ಲುತ್ತಾನೆ. ದೊಡ್ಡಮ್ಮನ ಪ್ರಶ್ನೆಗೂ ಅದರೊಂದಿಗೆ ಉತ್ತರ ಸಿಕ್ಕಿತು.

ಎಚ್ಚರಿಕೆ: ಆರಾಧನೆಯಲ್ಲಿರುವ ಹೆಸರುಗಳು

ಕೋಟಿ ಚೆನ್ನಯರು ಗರೋಡಿಗಳೆಂಬ ತಮ್ಮ ಗುಡಿಗಳಲ್ಲಿ ಇಂದಿಗೂ ಆರಾಧನೆ ಪಡೆಯುವವರು. ನಮ್ಮ ಭೂತಕೋಲ, ತೆಯ್ಯಂಗಳಲ್ಲಿ ಬರುವ ವೀರರೂ ಅನೇಕ ಮನೆತನಗಳಿಗೆ ಕಥೆಯ ಪಾತ್ರಗಳಲ್ಲ, ಮನೆಯ ಹಿರಿಯರು. ಅವರ ಕಥೆಯಿಂದ ಕಟ್ಟುವ ವಿಧಾನವನ್ನು ಕಲಿಯಿರಿ. ಹೆಸರು, ಸ್ಥಳ, ಆಯುಧ, ವೇಷಗಳನ್ನು ಎತ್ತಿಕೊಂಡು ಕಲ್ಪಿತ ಲೋಕದಲ್ಲಿ ಇಡಬೇಡಿ. ನನ್ನ ಮೊದಲ ಕರಡಿನಲ್ಲಿ ಒಂದು ಮನೆತನದ ದೈವದ ಕಥೆಯ ನೆರಳಿತ್ತು. ಆ ಮನೆಯ ಹಿರಿಯರೊಬ್ಬರು ಅದನ್ನು ಓದಿಸಿ ಕೇಳಿ, ಬೇಡವೆಂದು ಮೃದುವಾಗಿ ಹೇಳಿದರು. ಎರಡು ಅಧ್ಯಾಯ ತೆಗೆದೆ, ಕಥೆಗೆ ಅದರಿಂದ ನಷ್ಟವಾಗಲಿಲ್ಲ.

ಮೊದಲ ಕಾದಂಬರಿ ನಿಮ್ಮದಲ್ಲದೆ ಬೇರೆಯವರದ್ದಾಗಿದ್ದರೆ, ಅವರ ವೀರರ ಮಕ್ಕಳ ಬಗ್ಗೆ ಬರೆದು ಪ್ರಕಟಿಸಲು ಅನುಮತಿಯ ಪ್ರಶ್ನೆ ಏಳುತ್ತದೆ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರ ಜೀವಿತಾವಧಿಯಲ್ಲಿಯೂ, ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷವೂ ಇರುತ್ತದೆ. ಮೊದಲ ಪುಸ್ತಕ ನಿಮ್ಮದೇ ಆಗಿದ್ದರೂ ಪ್ರಕಾಶಕರೊಂದಿಗಿನ ಕರಾರಿನಲ್ಲಿ ಮುಂದಿನ ಕೃತಿಯ ಬಗ್ಗೆ ಏನು ಬರೆದಿದೆ ಎಂದು ಓದಿ. ಇದು ಸ್ವಂತ ಬುದ್ಧಿಯಿಂದ ಸರಿಪಡಿಸುವ ವಿಷಯವಲ್ಲ, ವಕೀಲರನ್ನು ಕೇಳಬೇಕು.

ಯಾವಾಗ ನಿಲ್ಲಿಸಿ ಇನ್ನೊಬ್ಬರ ಸಹಾಯ ಕೇಳಬೇಕು

ಪರಸ್ಪರ ಪರಿಚಯವಿಲ್ಲದ ಇಬ್ಬರು ಓದುಗರು, ನೀವು ಮೂರು ಸಲ ತಿದ್ದಿದ ಮೇಲೆಯೂ ಅದೇ ಪುಟದಲ್ಲಿ ನಿಂತರೆ ಮತ್ತೆ ತಿದ್ದಬೇಡಿ. ಆ ದೋಷ ನಿಮ್ಮ ಕಣ್ಣಿಗೆ ಬೀಳುವಂಥದ್ದಲ್ಲ. ಹಿರಿಯರನ್ನು ಒಂದು ಅಧ್ಯಾಯದಿಂದ ಹೊರಗಿಟ್ಟ ಕೂಡಲೇ ಕಥೆಯೇ ಕುಸಿದರೆ, ನೀವು ಬರೆಯಬೇಕೆಂದಿರುವುದು ಮಕ್ಕಳ ಕಥೆಯಲ್ಲ, ಹಿರಿಯರ ವೃದ್ಧಾಪ್ಯದ ಕಥೆ ಆಗಿರಬಹುದು. ಅದು ಒಳ್ಳೆಯ ವಸ್ತು, ಆದರೆ ಬೇರೆ ಪುಸ್ತಕ.

ಇನ್ನೊಂದು ಸಂದರ್ಭವಿದೆ, ಅದನ್ನು ಹೇಳಲು ನನಗೆ ಸಂಕೋಚವಿಲ್ಲ. ತಂದೆಯನ್ನೋ ತಾಯಿಯನ್ನೋ ಇತ್ತೀಚೆಗೆ ಕಳೆದುಕೊಂಡವರು ಈ ಬಗೆಯ ಕಥೆಯನ್ನು ಬರೆಯಲು ಕುಳಿತಾಗ, ಪುಟದ ಮೇಲಿನ ವೀರ ಅವರ ಮನೆಯ ಖಾಲಿ ಕುರ್ಚಿಯ ಆಸಾಮಿಯಾಗಿಬಿಡುತ್ತಾನೆ. ಅವನನ್ನು ತಪ್ಪಿತಸ್ಥನನ್ನಾಗಿ ಮಾಡಲು ಕೈ ಬರುವುದಿಲ್ಲ, ಅವನಿಗೆ ಎದುರು ಮಾತನಾಡಿಸಲು ಮನಸ್ಸು ಒಪ್ಪುವುದಿಲ್ಲ. ಹಸ್ತಪ್ರತಿಯನ್ನು ಕಟ್ಟಿ ಕಪಾಟಿನಲ್ಲಿಡಿ, ವರ್ಷಾಂತಿಕ ಕಳೆಯಲಿ. ನಡುವೆ ಮಾತನಾಡಬೇಕೆನಿಸಿದರೆ ಆ ಹಿರಿಯರನ್ನು ಕಂಡು ಬಲ್ಲವರೊಂದಿಗೆ ಮಾತನಾಡಿ. ಕಥೆ ಕಾಯುತ್ತದೆ.

ಅನುಭವಿ ಸಂಪಾದಕರ ಬಳಿಗೆ ಹೋಗುವಾಗ ಇಡೀ ಕಟ್ಟನ್ನು ಒಮ್ಮೆಗೇ ಹೊರಿಸಬೇಡಿ. ವಯಸ್ಸಿನ ಪಟ್ಟಿ, ಸಾಲದ ಆ ಒಂದು ವಾಕ್ಯ, ಓದುಗರು ನಿಂತ ಪುಟಗಳ ಸಂಖ್ಯೆ, ಮತ್ತು ಆ ಪುಟಗಳ ಹಿಂದೆ ಮುಂದೆ ಹತ್ತು ಹತ್ತು ಪುಟ ಇಷ್ಟನ್ನು ಕೊಡಿ. ಪೆನ್ಸಿಲಿನ ಗುರುತುಗಳನ್ನು ಅಳಿಸಬೇಡಿ. ನೀವು ಎಲ್ಲಿ ಹುಡುಕಿ ಸೋತಿರಿ ಎಂಬುದು ಅವರಿಗೆ ಕಾಣಬೇಕು. ಉಳಿದ ಪುಟಗಳನ್ನು ಅವರೇ ಕೇಳಿದ ಮೇಲೆ ಕಳುಹಿಸಿ.